ಮರೆವಿನ ಕಾಯಿಲೆಯವರ ಆರೈಕೆ ಮನೆ: ತಪಾಸಣಾ ವರದಿಯಲ್ಲಿ ಏನಿರುತ್ತದೆ, ಓದುವುದು ಹೇಗೆ?

ಡಿಮೆನ್ಶಿಯಾ ಅಥವಾ ಮರೆವಿನ ಕಾಯಿಲೆ ಇರುವ ಹಿರಿಯರನ್ನು ಹಗಲು ರಾತ್ರಿ ನೋಡಿಕೊಳ್ಳಲೆಂದೇ ನಡೆಸುವ ವಸತಿ ಕೇಂದ್ರಕ್ಕೆ ‘ಮೆಮೊರಿ ಕೇರ್ ಹೋಂ’ ಎನ್ನುತ್ತಾರೆ. ಹೆಸರು ಅಮೆರಿಕದಿಂದ ಬಂದದ್ದು. ನಮ್ಮ ಕಡೆ ಹೆಚ್ಚಿನವರು ಇದನ್ನೂ ವೃದ್ಧಾಶ್ರಮ ಅಂತಲೇ ಕರೆಯುತ್ತಾರೆ. ಆದರೆ ಎರಡೂ ಒಂದೇ ಅಲ್ಲ. ವೃದ್ಧಾಶ್ರಮದಲ್ಲಿರುವ ಬಾಪ ಊಟ ಸರಿಯಿಲ್ಲದಿದ್ದರೆ ಮಗನಿಗೆ ಫೋನ್ ಮಾಡಿ ಹೇಳಬಲ್ಲರು. ಮರೆವಿನ ಕಾಯಿಲೆಯ ಉಮ್ಮನಿಗೆ ಬೆಳಗ್ಗೆ ತಿಂಡಿ ತಿಂದೆನೋ ಇಲ್ಲವೋ ಎಂಬುದೇ ನೆನಪಿರುವುದಿಲ್ಲ. ರಾತ್ರಿ ಬಿದ್ದು ಸೊಂಟಕ್ಕೆ ಪೆಟ್ಟಾದರೆ ಎಲ್ಲಿ, ಹೇಗೆ ಬಿದ್ದದ್ದು ಎಂದು ಹೇಳಲಾಗುವುದಿಲ್ಲ. ಯಾರಾದರೂ ಗದರಿದರೆ, ಕೈ ಮಾಡಿದರೆ ಮರುದಿನಕ್ಕೆ ಅದು ಅವರ ತಲೆಯಿಂದಲೇ ಹೋಗಿರುತ್ತದೆ. ಅಂಥವರ ಪರವಾಗಿ ಉಳಿಯುವ ಸಾಕ್ಷಿ ಕಾಗದವೊಂದೇ: ಔಷಧಿ ಕೊಟ್ಟ ಚಾರ್ಟ್, ಬಿದ್ದದ್ದನ್ನು ಬರೆದ ರಿಜಿಸ್ಟರ್, ರಾತ್ರಿ ಪಾಳಿಯ ಹಾಜರಿ, ಹೊರಗಿನಿಂದ ಬಂದು ಇವೆಲ್ಲವನ್ನೂ ನೋಡಿ ಹೋದ ಅಧಿಕಾರಿಯ ವರದಿ.

ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಇವರಲ್ಲಿ ಹೆಚ್ಚಿನವರು ಮನೆಯಲ್ಲೇ ಇದ್ದಾರೆ. ಮಕ್ಕಳು ದುಬೈ, ದಮ್ಮಾಮ್, ಬೆಂಗಳೂರು ಸೇರಿ, ಊರಿನ ದೊಡ್ಡ ಮನೆಯಲ್ಲಿ ಉಮ್ಮ ಮತ್ತು ಒಬ್ಬ ಹೋಂ ನರ್ಸ್ ಮಾತ್ರ ಉಳಿದಿರುವ ಕುಟುಂಬಗಳು ಕಾಸರಗೋಡು, ಮಂಗಳೂರು ಕಡೆ ಕಡಿಮೆಯೇನಲ್ಲ. ಹೋಂ ನರ್ಸ್ ಕೈಯಿಂದಲೂ ಆಗದೆ ಹೋದಾಗ ಆರೈಕೆ ಮನೆಯ ಯೋಚನೆ ಬರುತ್ತದೆ. ಆಗ ನೋಡುವುದು ಏನನ್ನು? ಸಾಮಾನ್ಯವಾಗಿ ಟೈಲ್ಸ್, ತೋಟ, ತಿಂಗಳ ಶುಲ್ಕ, ಮಾತನಾಡುವ ಮ್ಯಾನೇಜರ್. ತಪಾಸಣಾ ವರದಿ ಕೇಳುವವರು ಅಪರೂಪ.

ಎಲ್ಲದಕ್ಕಿಂತ ಮೊದಲು ಬಾಗಿಲು

ಮರೆವಿನ ಕಾಯಿಲೆಯವರು ಎದ್ದು ಹೊರಟುಬಿಡುತ್ತಾರೆ. ನಲ್ವತ್ತು ವರ್ಷ ಅಂಗಡಿ ನಡೆಸಿದವರು ಬೆಳಗಾದರೆ ಅಂಗಡಿ ತೆರೆಯಲು ಹೊರಡುತ್ತಾರೆ, ಸುಬ್‌ಹಿ ಬಾಂಗ್ ಕೇಳಿದರೆ ಕತ್ತಲಲ್ಲೇ ಮಸೀದಿಯ ದಾರಿ ಹಿಡಿಯುತ್ತಾರೆ. ಅಂಗಡಿ ಮಾರಿ ಹತ್ತು ವರ್ಷವಾಗಿರಬಹುದು, ಆ ಮಸೀದಿ ಬೇರೆ ಊರಿನದ್ದಾಗಿರಬಹುದು, ಕಾಲಿಗೆ ಮಾತ್ರ ಹಳೆಯ ಅಭ್ಯಾಸ ನೆನಪಿರುತ್ತದೆ. ಹಾಗಾಗಿ ಇಂಥ ಮನೆಗಳಲ್ಲಿ ಬಾಗಿಲಿಗೆ ಬೀಗ ಬೀಳುತ್ತದೆ. ಬೀಗ ಇಲ್ಲದಿದ್ದರೆ ಹೆದ್ದಾರಿ, ರೈಲು ಹಳಿ, ಕೆರೆ. ಬೀಗ ಇದ್ದು ಬೆಂಕಿ ಬಿದ್ದರೆ?

ಆ ಪ್ರಶ್ನೆಗೆ ಉತ್ತರ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿದೆ. ಮಾನಸಿಕ ರೋಗಿಗಳನ್ನು ದರ್ಗಾಕ್ಕೆ ಕರೆತಂದು ಬಿಟ್ಟುಹೋಗುವ ರೂಢಿಯಿಂದ ಅಲ್ಲಿ ಸುತ್ತಮುತ್ತ ಖಾಸಗಿಯವರು ನಡೆಸುವ ಹಲವು ‘ಮನೆ’ಗಳು ಹುಟ್ಟಿಕೊಂಡಿದ್ದವು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥದ್ದೊಂದು ಶೆಡ್ಡಿಗೆ ಬೆಂಕಿ ಬಿತ್ತು. ಒಳಗಿದ್ದವರಲ್ಲಿ ಹೆಚ್ಚಿನವರಿಗೆ ಸರಪಳಿ ಹಾಕಲಾಗಿತ್ತು. 28 ಮಂದಿ ಸತ್ತರು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು, ಏರ್ವಾಡಿಯ ಅಂಥ ಮನೆಗಳು ಮುಚ್ಚಿದವು, ನೂರಾರು ಮಂದಿಯನ್ನು ಸರ್ಕಾರ ತನ್ನ ಸುಪರ್ದಿಗೆ ತೆಗೆದುಕೊಂಡಿತು. ಅವರಿಗಿದ್ದದ್ದು ಡಿಮೆನ್ಶಿಯಾ ಅಲ್ಲ, ಬೇರೆ ಮಾನಸಿಕ ಕಾಯಿಲೆಗಳು. ಆದರೂ ಹೊರಗೆ ಓಡಿಹೋಗದಂತೆ ಮಾಡಿದ ವ್ಯವಸ್ಥೆಯೇ ಓಡಲಾಗದಂತೆ ಮಾಡಿದ ಕಥೆ ಅದು, ಮರೆವಿನವರ ಮನೆಗಳಿಗೂ ಅಷ್ಟೇ ಅನ್ವಯ. ಇಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ಯಾರನ್ನೂ ಯಾವ ರೀತಿಯಲ್ಲೂ ಸರಪಳಿಯಲ್ಲಿ ಬಂಧಿಸಬಾರದು ಎನ್ನುತ್ತದೆ. ಕೈಕಾಲು ಕಟ್ಟುವುದಕ್ಕೂ 97ನೇ ಸೆಕ್ಷನ್ ಮಿತಿ ಹಾಕಿದೆ: ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯೊಂದಿಗೆ, ಕಾರಣ ಬರೆದಿಟ್ಟು, 24 ಗಂಟೆಯೊಳಗೆ ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ ತಿಳಿಸಬೇಕು. ಸಿಬ್ಬಂದಿ ಕಡಿಮೆ ಇದ್ದಾರೆ ಎಂಬ ಕಾರಣಕ್ಕೆ ಮಂಚಕ್ಕೆ ಬಟ್ಟೆಯಲ್ಲಿ ಕಟ್ಟುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ.

ಹಾಗಾದರೆ ಬಾಗಿಲು ಹೇಗಿರಬೇಕು? ಅಮೆರಿಕದ ಅಗ್ನಿ ಸುರಕ್ಷತಾ ಸಂಹಿತೆ ಕಂಡುಕೊಂಡಿರುವ ಒಂದು ದಾರಿ, ತಡವಾಗಿ ತೆರೆಯುವ ಬಾಗಿಲು. ಒಳಗಿನಿಂದ ತಳ್ಳಿ ಹಿಡಿದರೆ ಅಲಾರಂ ಹೊಡೆಯುತ್ತದೆ, 15 ಸೆಕೆಂಡ್ ಕಳೆದ ಮೇಲೆ ಬಾಗಿಲು ತೆರೆಯುತ್ತದೆ. ಅಷ್ಟರಲ್ಲಿ ಸಿಬ್ಬಂದಿ ಓಡಿ ಬರಬಹುದು. ಬೆಂಕಿಯ ಅಲಾರಂ ಹೊಡೆದರೆ ಅಥವಾ ಕರೆಂಟ್ ಹೋದರೆ ಬಾಗಿಲು ಕಾಯುವುದೇ ಇಲ್ಲ, ತಾನಾಗಿ ಸಡಿಲಾಗುತ್ತದೆ. ಕಾಗದದಲ್ಲಿ ಒಳ್ಳೆಯ ಉಪಾಯ. ಆದರೆ ನಮ್ಮ ಕರಾವಳಿಯ ಜೂನ್, ಜುಲೈ ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೊಂದು ತಲೆನೋವು ಹುಟ್ಟುತ್ತದೆ. ಗಾಳಿಮಳೆಗೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ವಿದ್ಯುತ್ ಅಯಸ್ಕಾಂತದ ಬೀಗ ನಾಲ್ಕು ಸಲವೂ ತೆರೆದುಕೊಳ್ಳುತ್ತದೆ. ಕರೆಂಟ್ ಹೋದೊಡನೆ ಬಾಗಿಲಿಗೆ ಹೋಗಿ ನಿಲ್ಲುವವರು ಯಾರು ಎಂಬುದು ಡ್ಯೂಟಿ ಚಾರ್ಟ್‌ನಲ್ಲಿ ಬರೆದಿರಬೇಕು. ಇನ್ನು ಸಾದಾ ಬೀಗ ಹಾಕಿ ಕೀಲಿಯನ್ನು ಒಬ್ಬರ ಸೊಂಟದಲ್ಲಿ ಇಟ್ಟಿದ್ದರೆ, ಅದರ ಬಗ್ಗೆ ಹೆಚ್ಚು ಮಾತು ಬೇಡ. ಆ ಒಬ್ಬರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಕೇಳಿದರೆ ಸಾಕು.

ಅಮೆರಿಕದ 2567

ಆರೈಕೆ ಮನೆಗಳ ತಪಾಸಣಾ ವರದಿಯನ್ನು ಜನರ ಕೈಗೆ ಕೊಡುವ ಕೆಲಸದಲ್ಲಿ ಅಮೆರಿಕ ಬಹಳ ಮುಂದೆ ಹೋಗಿದೆ. 1987ರಲ್ಲಿ ಬಂದ ನರ್ಸಿಂಗ್ ಹೋಂ ಸುಧಾರಣಾ ಕಾನೂನಿನ ಪ್ರಕಾರ ಸರ್ಕಾರಿ ಹಣ ಪಡೆಯುವ ಪ್ರತಿ ನರ್ಸಿಂಗ್ ಹೋಂಗೆ ಮುನ್ಸೂಚನೆ ಇಲ್ಲದೆ ತಪಾಸಣಾ ತಂಡ ಬರಬೇಕು. ಎರಡು ಭೇಟಿಗಳ ನಡುವೆ 15 ತಿಂಗಳಿಗಿಂತ ಹೆಚ್ಚು ಅಂತರ ಇರುವಂತಿಲ್ಲ. ‘ನಾಳೆ ಬರುತ್ತಾರೆ’ ಎಂದು ಮೊದಲೇ ಸುಳಿವು ಕೊಟ್ಟವರಿಗೆ 2,000 ಡಾಲರ್‌ವರೆಗೆ ದಂಡ ಎಂದು ಕಾನೂನಿನಲ್ಲೇ ಬರೆದಿದೆ. (ಅಲ್ಲಿನ ನರ್ಸಿಂಗ್ ಹೋಂ ಎಂದರೆ ನಮ್ಮ ಊರಿನ ಸಣ್ಣ ಆಸ್ಪತ್ರೆಯಲ್ಲ, ವೃದ್ಧರು ತಿಂಗಳು, ವರ್ಷಗಟ್ಟಲೆ ಇರುವ ಜಾಗ.)

ತಂಡ ಬರೆದದ್ದು ‘2567’ ಎಂಬ ಫಾರಂನಲ್ಲಿ ಬರುತ್ತದೆ. ಎಡಗಡೆ ಕಂಡ ಲೋಪ, ಬಲಗಡೆ ಅದನ್ನು ಸರಿಪಡಿಸಲು ಮನೆಯವರು ಒಪ್ಪಿಕೊಂಡ ಕ್ರಮ ಮತ್ತು ದಿನಾಂಕ. ನಿವಾಸಿಗಳ ಹೆಸರು ಇರುವುದಿಲ್ಲ, ‘ನಿವಾಸಿ 1’, ‘ನಿವಾಸಿ 2’ ಎಂದಿರುತ್ತದೆ. ಪ್ರತಿ ಲೋಪಕ್ಕೂ ಒಂದು ಸಂಖ್ಯೆ. ಎಫ್ ಅಕ್ಷರದ ಸಂಖ್ಯೆಗಳು ಆರೈಕೆಗೆ, ಕೆ ಅಕ್ಷರದವು ಬೆಂಕಿ ಮತ್ತು ಕಟ್ಟಡಕ್ಕೆ. ಮರೆವಿನವರ ಕುಟುಂಬ ಮೊದಲು ಹುಡುಕಬೇಕಾದದ್ದು ಎಫ್ 689. ಬೀಳುವುದು, ಸುಟ್ಟುಕೊಳ್ಳುವುದು, ಕಣ್ಣು ತಪ್ಪಿಸಿ ಹೊರಗೆ ಹೋಗುವುದು, ಅಂದರೆ ಅಪಾಯ ಮತ್ತು ನಿಗಾ ಇಲ್ಲದಿರುವುದು ಎಲ್ಲ ಅದರಡಿ ಬರುತ್ತದೆ.

ಲೋಪದ ಪಕ್ಕದಲ್ಲಿ ಎ ಇಂದ ಎಲ್‌ವರೆಗೆ ಒಂದು ಅಕ್ಷರವೂ ಇರುತ್ತದೆ. ಎ, ಬಿ, ಸಿ ಸಣ್ಣಪುಟ್ಟದ್ದು. ಡಿ, ಇ, ಎಫ್ ಅಂದರೆ ಇನ್ನೂ ಹಾನಿಯಾಗಿಲ್ಲ, ಆಗಬಹುದಿತ್ತು. ಜಿ, ಎಚ್, ಐ ಅಂದರೆ ಹಾನಿ ಆಗಿಯೇ ಹೋಗಿದೆ. ಜೆ, ಕೆ, ಎಲ್ ಬಂದರೆ ಜೀವಕ್ಕೇ ತಕ್ಷಣದ ಅಪಾಯ. ಮೂರರ ಪ್ರತಿ ಗುಂಪಿನಲ್ಲಿ ಮೊದಲನೆಯದು ಒಬ್ಬಿಬ್ಬರಿಗೆ ಸಂಬಂಧಿಸಿದ್ದು, ಎರಡನೆಯದು ಹಲವರಿಗೆ, ಮೂರನೆಯದು ಮನೆ ಪೂರ್ತಿ. ಒಂದು ಲೋಪವೂ ಇಲ್ಲದ ವರದಿಗಿಂತ ನಾಲ್ಕಾರು ಡಿ ಇರುವ ವರದಿಯೇ ಸಹಜ, ಅದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಒಂದೇ ಸಂಖ್ಯೆ ವರ್ಷ ವರ್ಷವೂ ಮತ್ತೆ ಬಂದಾಗ, ಬಲಗಡೆ ‘ಸಿಬ್ಬಂದಿಗೆ ತರಬೇತಿ ಕೊಡಲಾಗುವುದು’ ಎಂಬ ಅದೇ ಉತ್ತರ ಮತ್ತೆ ಮತ್ತೆ ಕಂಡಾಗ.

ಇತ್ತೀಚಿನ ವರದಿಯನ್ನು ನಿವಾಸಿಗಳು, ಕುಟುಂಬದವರು ಯಾರನ್ನೂ ಕೇಳದೆ ಓದಬಹುದಾದ ಜಾಗದಲ್ಲಿ ಇಡುವುದು ಅಲ್ಲಿ ಕಡ್ಡಾಯ. ಸರ್ಕಾರದ ‘ಕೇರ್ ಕಂಪೇರ್’ ತಾಣದಲ್ಲೂ ಸಿಗುತ್ತದೆ. ಅದೇ ತಾಣದಲ್ಲಿ 2008ರ ಡಿಸೆಂಬರ್‌ನಿಂದ ಐದು ನಕ್ಷತ್ರಗಳ ಲೆಕ್ಕವೂ ಇದೆ. ಹೋಟೆಲ್ ನೋಡಿದ ಹಾಗೆ ನಕ್ಷತ್ರ ಎಣಿಸುವುದಕ್ಕಿಂತ ವರದಿಯ ನಾಲ್ಕು ಪುಟ ಓದುವುದು ಮೇಲು, ನಕ್ಷತ್ರದ ಲೆಕ್ಕದಲ್ಲಿ ಮನೆಯವರು ತಾವೇ ಕೊಟ್ಟ ಅಂಕಿಗಳೂ ಸೇರಿರುತ್ತವೆ. ಅಲ್ಲೇ ಪ್ರಕಟವಾಗುವ ಇನ್ನೊಂದು ಅಂಕಿಗೆ ಮಾತ್ರ ಬೆಲೆ ಇದೆ: ಎಷ್ಟು ನಿವಾಸಿಗಳಿಗೆ ಮನೋರೋಗದ ಮಾತ್ರೆ ಕೊಡಲಾಗುತ್ತಿದೆ ಎಂಬುದು. ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಈ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಅತ್ಯಂತ ಗಂಭೀರ ವರ್ಗದ ಎಚ್ಚರಿಕೆ ಕೊಟ್ಟಿತ್ತು. ಕಟ್ಟುವ ಹಗ್ಗ ಕಾಣುತ್ತದೆ, ಮಂಪರು ತರುವ ಮಾತ್ರೆ ಕಾಣುವುದಿಲ್ಲ. ‘ಇಲ್ಲಿಗೆ ಬಂದ ಮೇಲೆ ಎಷ್ಟು ಶಾಂತವಾಗಿದ್ದಾರೆ ನೋಡಿ’ ಎಂದಾಗ ಔಷಧಿ ಚಾರ್ಟ್ ಕೇಳಬೇಕಾದದ್ದು ಇದಕ್ಕೆ.

ಇಷ್ಟೆಲ್ಲ ಇದ್ದೂ ಅಮೆರಿಕದ ವ್ಯವಸ್ಥೆಯಲ್ಲಿ ಒಂದು ದೊಡ್ಡ ತೂತಿದೆ. ‘ಮೆಮೊರಿ ಕೇರ್’ ಎಂದು ಬೋರ್ಡ್ ಹಾಕಿದ ಮನೆಗಳಲ್ಲಿ ಹೆಚ್ಚಿನವು ನರ್ಸಿಂಗ್ ಹೋಂಗಳಲ್ಲ, ‘ಅಸಿಸ್ಟೆಡ್ ಲಿವಿಂಗ್’ ಎಂಬ ಬೇರೆ ವರ್ಗದವು. ಅವುಗಳಿಗೆ ಲೈಸನ್ಸ್ ಕೊಡುವುದು, ತಪಾಸಣೆ ಮಾಡುವುದು ಆಯಾ ರಾಜ್ಯ. ಕೇಂದ್ರದ ತಾಣದಲ್ಲಿ ಅವು ಕಾಣಿಸುವುದಿಲ್ಲ, 2567 ಇಲ್ಲ, ಅಕ್ಷರಗಳೂ ಇಲ್ಲ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೋ ನಗರದಲ್ಲಿ 2022ರ ಆಗಸ್ಟ್‌ನಲ್ಲಿ ಇಂಥ ಮನೆಯೊಂದರಲ್ಲಿ ಪಾತ್ರೆ ತೊಳೆಯುವ ದ್ರಾವಣವನ್ನು ಜ್ಯೂಸ್ ಎಂದು ತಿಳಿದು ಮೂವರು ನಿವಾಸಿಗಳಿಗೆ ಕುಡಿಯಲು ಕೊಡಲಾಯಿತು. 93 ವರ್ಷದ ಮಹಿಳೆಯೊಬ್ಬರು ತೀರಿಕೊಂಡರು. ಅಡುಗೆಮನೆಯಲ್ಲಿ ಯಾವ ದ್ರಾವಣ ಯಾವ ಪಾತ್ರೆಯಲ್ಲಿದೆ ಎಂಬ ಸಣ್ಣ ಸಂಗತಿಗೆ ತಪಾಸಣೆ ಯಾಕೆ ಬೇಕು ಎನ್ನುವವರಿಗೆ ಅಷ್ಟು ಸಾಕು. ನಮ್ಮಲ್ಲೂ ಫಿನಾಯಿಲ್, ಬ್ಲೀಚಿಂಗ್ ನೀರು ಇರುವುದು ಹಳೆಯ ನೀರಿನ ಬಾಟಲಿಯಲ್ಲೇ ಅಲ್ಲವೇ?

ನಿಯಮ ಬರುವುದು ಸಾಮಾನ್ಯವಾಗಿ ಸಾವಿನ ಹಿಂದೆ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತದ ನಂತರ ಫ್ಲಾರಿಡಾದ ನರ್ಸಿಂಗ್ ಹೋಂ ಒಂದರಲ್ಲಿ ಎ.ಸಿ. ಕೆಟ್ಟು, ಸೆಕೆಗೆ 12 ವೃದ್ಧರು ಪ್ರಾಣ ಬಿಟ್ಟರು. ಹತ್ತಿರದಲ್ಲೇ ದೊಡ್ಡ ಆಸ್ಪತ್ರೆ ಇತ್ತು. ಮರುವರ್ಷ ಆ ರಾಜ್ಯ ಜನರೇಟರ್ ಮತ್ತು ದಿನಗಟ್ಟಲೆಗೆ ಸಾಲುವಷ್ಟು ಇಂಧನವನ್ನು ನರ್ಸಿಂಗ್ ಹೋಂಗಳಿಗೂ ಅಸಿಸ್ಟೆಡ್ ಲಿವಿಂಗ್ ಮನೆಗಳಿಗೂ ಕಡ್ಡಾಯ ಮಾಡಿತು.

ಇಂಗ್ಲೆಂಡಿನದ್ದು ಸರಳ. ಕೇರ್ ಕ್ವಾಲಿಟಿ ಕಮಿಷನ್ ಎಂಬ ಒಂದೇ ಸಂಸ್ಥೆ, ನಾಲ್ಕೇ ದರ್ಜೆ: ಅತ್ಯುತ್ತಮ, ಉತ್ತಮ, ಸುಧಾರಣೆ ಬೇಕು, ಅಸಮರ್ಪಕ. 2015ರ ಏಪ್ರಿಲ್‌ನಿಂದ ಪ್ರತಿ ಮನೆ ತನ್ನ ದರ್ಜೆಯನ್ನು ಜನರಿಗೆ ಕಾಣುವಂತೆ ತೂಗುಹಾಕಲೇಬೇಕು. ಅಲ್ಲಿನ ಆರೈಕೆ ಮನೆಗಳಲ್ಲಿ ಕೆಲಸ ಮಾಡುವ ಕೇರಳದ, ಮಂಗಳೂರಿನ ನರ್ಸ್‌ಗಳಿಗೆ ಸ್ನಾನದ ನೀರು 44 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂಬ ಲೆಕ್ಕ ಬಾಯಿಪಾಠ. ಊರಿಗೆ ರಜೆಯಲ್ಲಿ ಬಂದವರು ಯಾರಾದರೂ ಸಿಕ್ಕಿದರೆ, ಮನೆ ನೋಡಲು ಹೋಗುವಾಗ ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಅವರ ಕಣ್ಣಿಗೆ ಬೀಳುವುದು ಬೇರೆಯವರಿಗೆ ಬೀಳುವುದಿಲ್ಲ.

ಇಲ್ಲಿ ಕಾಗದ ಎಲ್ಲಿದೆ?

ಭಾರತದಲ್ಲಿ ಮರೆವಿನ ಕಾಯಿಲೆಯವರ ಮನೆಗೆಂದೇ ಒಂದು ಕಾಯ್ದೆ ಇಲ್ಲ, ಎಲ್ಲವನ್ನೂ ಒಂದೆಡೆ ತೋರಿಸುವ ತಾಣವೂ ಇಲ್ಲ. ಹಾಗೆಂದು ಕಾಗದವೇ ಇಲ್ಲ ಎಂದಲ್ಲ. ಅದು ನಾಲ್ಕೈದು ಕಚೇರಿಗಳಲ್ಲಿ ಚೂರುಚೂರಾಗಿ ಬಿದ್ದಿದೆ.

ಕೇರಳದಲ್ಲಿ ಧರ್ಮಾರ್ಥ ವೃದ್ಧಾಶ್ರಮಗಳು ನೋಂದಣಿಯಾಗುವುದು 1960ರ ಅನಾಥಾಲಯ ಮತ್ತು ಇತರ ಧರ್ಮಾರ್ಥ ನಿಲಯಗಳ ಕಾಯ್ದೆಯಡಿ ರಚಿತವಾದ ನಿಯಂತ್ರಣ ಮಂಡಳಿಯಲ್ಲಿ. ಜಿಲ್ಲೆಯಲ್ಲಿ ಇದರ ಕಡತ ಇರುವುದು ಸಾಮಾಜಿಕ ನ್ಯಾಯ ಇಲಾಖೆಯ ಬಳಿ. ಚಿಕಿತ್ಸೆ ಕೊಡುವ ಸಂಸ್ಥೆಯಾದರೆ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ ಬರುತ್ತದೆ. ಕರ್ನಾಟಕದಲ್ಲಿ ಅದೇ ಜಾಗಕ್ಕೆ ಕೆಪಿಎಂಇ ಎಂದು ಕರೆಯುವ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಬೆಂಕಿಯ ಎನ್‌ಒಸಿ ಅಗ್ನಿಶಾಮಕ ಇಲಾಖೆಯದ್ದು. ಕಟ್ಟಡದ ಪರವಾನಗಿ ಪಂಚಾಯತ್ ಅಥವಾ ನಗರಸಭೆಯದ್ದು. ವಾಸದ ಮನೆ ಎಂದು ನಂಬರ್ ಪಡೆದ ಕಟ್ಟಡದಲ್ಲಿ ಇಪ್ಪತ್ತು ಮಂಚ ಹಾಕಿದ್ದರೆ ಆ ಒಂದು ಕಾಗದದಲ್ಲೇ ಬಹಳಷ್ಟು ತಿಳಿದುಹೋಗುತ್ತದೆ.

ಇವೆಲ್ಲದರ ಮೇಲೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ. ಅದು ಮಾನಸಿಕ ಕಾಯಿಲೆಯನ್ನು ವಿವರಿಸುವಾಗ ಯೋಚನೆ, ಮನಸ್ಥಿತಿ, ಗ್ರಹಿಕೆಯ ಜೊತೆಗೆ ದಿಕ್ಕುದೆಸೆಯ ಅರಿವು ಮತ್ತು ನೆನಪಿನ ಶಕ್ತಿಯ ತೀವ್ರ ಏರುಪೇರನ್ನೂ ಹೆಸರಿಸುತ್ತದೆ. ಡಿಮೆನ್ಶಿಯಾ ಆ ವಿವರಣೆಯೊಳಗೆ ಸಲೀಸಾಗಿ ಬರುತ್ತದೆ. ಅಂಥವರನ್ನು ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆ, ಪೂರ್ತಿಯಾಗಿ ಅಥವಾ ಭಾಗಶಃ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಪ್ರಾಧಿಕಾರ ಮೂರು ವರ್ಷಕ್ಕೊಮ್ಮೆ ಅದರ ಆಡಿಟ್ ಮಾಡಿಸಬೇಕು. ‘ನಮ್ಮದು ವೃದ್ಧಾಶ್ರಮ ಮಾತ್ರ, ಆ ಕಾಯ್ದೆ ನಮಗೆ ಇಲ್ಲ’ ಎನ್ನುವ ಮನೆ, ಜಾಹೀರಾತಿನಲ್ಲಿ ಮಾತ್ರ ‘ಡಿಮೆನ್ಶಿಯಾ ಕೇರ್’ ಎಂದು ಹಾಕಿದ್ದರೆ, ಎರಡರಲ್ಲಿ ಯಾವುದು ನಿಜ ಎಂದು ಕೇಳುವ ಹಕ್ಕು ಕುಟುಂಬಕ್ಕಿದೆ.

ಹಿರಿಯರಿಗೆಂದೇ ಇರುವ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಮಕ್ಕಳ ಹೊಣೆಯ ಬಗ್ಗೆ ಹೇಳುವಷ್ಟು ಮನೆಗಳ ಗುಣಮಟ್ಟದ ಬಗ್ಗೆ ಹೇಳುವುದಿಲ್ಲ. ಹಿರಿಯರ ಆರೈಕೆ ಮನೆಗಳ ನೋಂದಣಿಯನ್ನು ಅದರೊಳಗೆ ತರುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದಿತ್ತು. ಕಾಯ್ದೆಯಾಗುವ ಮೊದಲೇ 17ನೇ ಲೋಕಸಭೆಯ ಅವಧಿ ಮುಗಿಯಿತು.

ಕೇರಳ ಈ ಕ್ಷೇತ್ರದಲ್ಲಿ ಹಿಂದೆ ಬಿದ್ದಿಲ್ಲ ಎನ್ನಬೇಕು. ಡಿಮೆನ್ಶಿಯಾ ಕುಟುಂಬಗಳಿಗೆ ದಾರಿ ತೋರಿಸಿದ ಎಆರ್‌ಡಿಎಸ್‌ಐ ಸಂಸ್ಥೆ ಹುಟ್ಟಿದ್ದು 1992ರಲ್ಲಿ, ಅಲ್ಲೇ. ಅದರ ಜೊತೆ ಸೇರಿ ಸರ್ಕಾರ ‘ಸ್ಮೃತಿಪಥಂ’ ಎಂಬ ಯೋಜನೆಯನ್ನೂ ತಂದಿತು. ಆದರೆ ಅದರ ಕೇಂದ್ರಗಳು ಎದ್ದದ್ದು ಎರ್ನಾಕುಳಂ, ತ್ರಿಶ್ಶೂರು ಕಡೆ. ಮಂಜೇಶ್ವರದವರಿಗೆ ಅದಕ್ಕಿಂತ ಮಂಗಳೂರೇ ಹತ್ತಿರ.

ಮಾಹಿತಿ ಹಕ್ಕಿನ ಅರ್ಜಿ

ಖಾಸಗಿ ಮನೆ ಮಾಹಿತಿ ಹಕ್ಕು ಕಾಯ್ದೆಯ ಅಡಿ ನೇರವಾಗಿ ಬರುವುದಿಲ್ಲ. ಆದರೆ ಅದನ್ನು ತಪಾಸಣೆ ಮಾಡಿದ ಸರ್ಕಾರಿ ಕಚೇರಿ ಬರುತ್ತದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ‘ಈ ಸಂಸ್ಥೆಯ ಬಗ್ಗೆ ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ಏನೂ ಸಿಗುವುದಿಲ್ಲ. ಕಳೆದ ಮೂರು ವರ್ಷಗಳ ತಪಾಸಣಾ ವರದಿಗಳ ಪ್ರತಿ, ಕೊಟ್ಟ ನೋಟಿಸ್‌ಗಳು, ಅದಕ್ಕೆ ಮನೆಯವರು ಕೊಟ್ಟ ಉತ್ತರ, ನೋಂದಣಿ ಪತ್ರ ಮತ್ತು ಅದರ ಅವಧಿ ಎಂದು ಹೆಸರು ಹಿಡಿದು ಕೇಳಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ ಎಂಬ ನಿಯಮವಿದೆ. ಹಾಗಾಗಿ ಅಗ್ನಿಶಾಮಕಕ್ಕೆ ಬೇರೆ, ಆರೋಗ್ಯ ಇಲಾಖೆಗೆ ಬೇರೆ. ನಿವಾಸಿಗಳ ವೈದ್ಯಕೀಯ ವಿವರ ಕೊಡುವುದಿಲ್ಲ, ಕೊಡಬಾರದು ಕೂಡ. ‘ತಪಾಸಣೆ ನಡೆದಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದರೆ ಅದೂ ಉತ್ತರವೇ.

ಕಾಸರಗೋಡಿನ ಕನ್ನಡಿಗರಿಗೆ ಇನ್ನೊಂದು ಅನುಕೂಲವಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರ್ಕಾರದೊಂದಿಗೆ ವ್ಯವಹರಿಸುವ ಅವಕಾಶ ಕೊಟ್ಟಿದೆ. ಅರ್ಜಿ ಕನ್ನಡದಲ್ಲೇ ಬರೆಯಬಹುದು.

ಕಾಗದದಲ್ಲಿ ಬಾರದ್ದು

ಅಮೆರಿಕದ ಫಾರಂ ನಕಲು ಮಾಡಿದರೆ ಸಾಲದು, ಅದರಲ್ಲಿ ಬಾವಿ ಇಲ್ಲ. ಇಲ್ಲಿನ ಹಿತ್ತಲಲ್ಲಿ ಬಾವಿ ಇದೆ, ಅದರ ಕಟ್ಟೆ ಎಷ್ಟು ಎತ್ತರ, ಮೇಲೆ ಬಲೆಯೋ ಕಬ್ಬಿಣದ ಜಾಲರಿಯೋ ಇದೆಯೇ ಎಂದು ಹೋಗಿಯೇ ನೋಡಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟುವ ಅಂಗಳ, ಒಂದು ಮೆಟ್ಟಿಲು ಕೆಳಗಿರುವ ಬಚ್ಚಲು, ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಒಳಗಿದೆಯೋ ಹೊರಗಿದೆಯೋ, ಬೆಂಕಿ ಆರಿಸುವ ಸಿಲಿಂಡರಿನ ಚೀಟಿಯಲ್ಲಿ ಕೊನೆಯದಾಗಿ ತುಂಬಿಸಿದ ದಿನಾಂಕ, ಇಷ್ಟು ನೋಡಲು ಅಧಿಕಾರಿಯೇ ಆಗಬೇಕಿಲ್ಲ.

ಭಾಷೆಯೂ ಸುರಕ್ಷತೆಯ ವಿಷಯ ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಕಾಯಿಲೆ ಮುಂದುವರಿದಂತೆ ಹಲವರಲ್ಲಿ ನಂತರ ಕಲಿತ ಭಾಷೆಗಳು ಮೊದಲು ಜಾರುತ್ತವೆ, ಮನೆಮಾತು ಕೊನೆಗೆ ಉಳಿಯುತ್ತದೆ. ಬ್ಯಾರಿ ಮಾತ್ರ ಉಳಿದಿರುವ ಉಮ್ಮನಿಗೆ ಹಿಂದಿ ಮಾತ್ರ ಬರುವ ರಾತ್ರಿ ಪಾಳಿಯ ಹುಡುಗಿ ಸಿಕ್ಕಿದರೆ, ಬಾಯಾರಿಕೆ, ಎದೆನೋವು, ಮೂತ್ರಕ್ಕೆ ಹೋಗಬೇಕೆಂಬ ಅವಸರ ಯಾವುದೂ ದಾಟುವುದಿಲ್ಲ. ಎದ್ದು ಹೋಗಲು ನೋಡುತ್ತಾರೆ, ಬೀಳುತ್ತಾರೆ. ರಿಜಿಸ್ಟರಿನಲ್ಲಿ ‘ಹಠ ಮಾಡಿದರು’ ಎಂದು ದಾಖಲಾಗುತ್ತದೆ. ಆ ಒಂದು ಪದ ಪದೇ ಪದೇ ಕಂಡರೆ ಯಾವ ಹೊತ್ತಿಗೆ, ಯಾರ ಪಾಳಿಯಲ್ಲಿ ಎಂದು ನೋಡಬೇಕು.

ಭೇಟಿಗೆ ಹೋಗುವುದಾದರೆ ಭಾನುವಾರ ಹನ್ನೊಂದು ಗಂಟೆ ಬೇಡ, ಆಗ ಎಲ್ಲ ಮನೆಗಳೂ ಚೆನ್ನಾಗಿಯೇ ಇರುತ್ತವೆ. ಹೊತ್ತು ಮುಳುಗುವಾಗ ಮರೆವಿನವರಲ್ಲಿ ಚಡಪಡಿಕೆ ಹೆಚ್ಚು. ಸಂಜೆ ಏಳಕ್ಕೆ ಎಷ್ಟು ಮಂದಿ ಸಿಬ್ಬಂದಿ ಓಡಾಡುತ್ತಿದ್ದಾರೆ ಎಂದು ಎಣಿಸಿ, ಡ್ಯೂಟಿ ಚಾರ್ಟ್‌ನಲ್ಲಿ ಬರೆದ ಸಂಖ್ಯೆಗೆ ತಾಳೆ ಹಾಕಿದರೆ ಸಾಕು.

ದೂರು ಕೊಡಬೇಕಾದದ್ದು ಮನೆ ಇರುವ ರಾಜ್ಯದಲ್ಲಿ, ರೋಗಿಯ ರೇಷನ್ ಕಾರ್ಡ್ ಇರುವ ರಾಜ್ಯದಲ್ಲಲ್ಲ. ತಲಪಾಡಿಯ ಆಚೆಯ ಮನೆಯ ಬಗ್ಗೆ ಈಚೆ ದೂರು ಕೊಟ್ಟು ತಿಂಗಳುಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ. ಎಲ್ಲಿಗೆ ಎಂದು ಗೊತ್ತಾಗದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಮನೆ ಬದಲಿಸುವ ನಿರ್ಧಾರವಾದರೆ ಹೊರಡುವ ಮೊದಲು ಔಷಧಿ ಚಾರ್ಟ್, ಬಿದ್ದ ದಾಖಲೆಗಳು, ತೂಕದ ಪಟ್ಟಿಯ ಪ್ರತಿ ತೆಗೆದುಕೊಳ್ಳಬೇಕು. ಮೂಲ ವೈದ್ಯಕೀಯ ದಾಖಲೆ ನೋಡುವ ಹಕ್ಕನ್ನು 2017ರ ಕಾಯ್ದೆಯ 25ನೇ ಸೆಕ್ಷನ್ ರೋಗಿಗೆ ಕೊಟ್ಟಿದೆ. ಕೇಳುವಾಗ ಬಾಯಿಮಾತಿನಲ್ಲಿ ಕೇಳದೆ ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಬೇಕು.